ಕಣ್ಣಿನ ಪೊರೆ ತೆಗೆಸಿದರೆ ಹೋದ ನೋಟ ಹೇಗೆ ವಾಪಸ್ ಬರುತ್ತದೆ?

ಅಕ್ಕಿಯಲ್ಲಿ ಕಲ್ಲು ಆರಿಸುವುದು, ಬಸ್ಸಿನ ಬೋರ್ಡ್ ಓದುವುದು... ಕಣ್ಣು ಚೆನ್ನಾಗಿರುವಾಗ ಇದನ್ನೆಲ್ಲ ಯಾರೂ ಲೆಕ್ಕಕ್ಕೇ ಇಡುವುದಿಲ್ಲ, ಅಲ್ವಾ?

ಪೊರೆ ಬಂದಾಗ ಕಣ್ಣಿನೊಳಗಿನ ಮಸೂರವೇ (ಲೆನ್ಸ್) ಮಬ್ಬಾಗಿರುತ್ತದೆ. ಅದನ್ನು ತೆಗೆದು ಕೃತಕ ಮಸೂರ ಕೂರಿಸುತ್ತಾರೆ. ಮೊದಲು ಬರೀ ತೆಗೆಯುತ್ತಿದ್ದರು. ಅದಕ್ಕೇ ಅಜ್ಜಂದಿರಿಗೆ ಸೋಡಾ ಬಾಟಲಿ ತಳದಂಥ ದಪ್ಪ ಕನ್ನಡಕ.

ಕೃತಕ ಮಸೂರದ ಕಥೆ ಮಜವಾಗಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣೊಳಗೆ ಸಿಕ್ಕಿಕೊಂಡರೂ ಜಾಸ್ತಿ ಉರಿಯೂತ ಆಗಲಿಲ್ಲ. ಅದನ್ನು ಗಮನಿಸಿದ ವೈದ್ಯ ಹೆರಾಲ್ಡ್ ರಿಡ್ಲಿ, 1949ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಮಸೂರ ಕೂರಿಸಿದರು. ಬೇರೆ ಕಣ್ಣಿನ ವೈದ್ಯರು ವರ್ಷಗಟ್ಟಲೆ ವಿರೋಧಿಸಿದರು ಬೇರೆ!

ಆಪರೇಷನ್ ಆದ ಮೇಲೆ ಹಳದಿ ಮಸುಕು ಹೋಗಿ ನೀಲಿ ಬಣ್ಣ ಎದ್ದು ಕಾಣುತ್ತದೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಿಂದ ನರ ಹಾಳಾಗಿ ಹೋದ ನೋಟ ಮಾತ್ರ ಇದರಿಂದ ಮರಳುವುದಿಲ್ಲ. ಹಾಗಾಗಿ ಸುಮ್ನೆ ಮುಂದೂಡದೆ ಒಮ್ಮೆ ತೋರಿಸಿಕೊಳ್ಳಿ.