ಮುಖ ಹುಡುಕಬೇಡಿ, ಬೆನ್ನು ನೋಡಿ

ಪ್ರಶ್ನೆ: ಇಂಗ್ಲೆಂಡಿನ ಎಲ್. ಎಸ್. ಲೌರಿ 1953ರಲ್ಲಿ ಬರೆದ ‘ಗೋಯಿಂಗ್ ಟು ದ ಮ್ಯಾಚ್’ ಚಿತ್ರದ ಮುದ್ರಿತ ಪ್ರತಿ ನಮ್ಮಲ್ಲಿದೆ. ಜನರೆಲ್ಲ ಕಡ್ಡಿಗಳಂತಿದ್ದಾರೆ. ನೆಲ ಬೆಳ್ಳಗಿದೆ, ಹಿಮವೇ? ಇವರಿಗೆ ಮನುಷ್ಯರನ್ನು ಬರೆಯಲು ಬರುತ್ತಿರಲಿಲ್ಲವೇ?

ಉತ್ತರ: ಚೆನ್ನಾಗಿಯೇ ಬರುತ್ತಿತ್ತು. ಹಗಲು ಬಾಡಿಗೆ ವಸೂಲಿ ಮಾಡಿ, ಸಂಜೆ ಮ್ಯಾಂಚೆಸ್ಟರಿನ ಕಲಾಶಾಲೆಯಲ್ಲಿ ವರ್ಷಗಟ್ಟಲೆ ಕಲಿತವರು ಅವರು. ಕಡ್ಡಿಯಂತೆ ಬರೆದದ್ದು ಬೇಕೆಂದೇ. ಬೋಲ್ಟನ್ನಿನ ಬರ್ನ್‌ಡೆನ್ ಪಾರ್ಕ್ ಫುಟ್‌ಬಾಲ್ ಮೈದಾನಕ್ಕೆ ಹೊರಟವರ ಬೆನ್ನು ನೋಡಿ: ಎದುರುಗಾಳಿಗೆ ನಡೆಯುವವರ ಹಾಗೆ ಮುಂದಕ್ಕೆ ಬಾಗಿವೆ. ಲೌರಿಯವರದೇ 1930ರ ‘ಕಮಿಂಗ್ ಫ್ರಮ್ ದ ಮಿಲ್’ ಚಿತ್ರದಲ್ಲೂ ಬಾಗಿದ ಬೆನ್ನುಗಳಿವೆ. ಆದರೆ ಅಲ್ಲಿ ಗಿರಣಿ ಬಿಟ್ಟ ಜನ ಚದುರುತ್ತಾರೆ, ಇಲ್ಲಿ ಎಲ್ಲ ದಿಕ್ಕಿನಿಂದ ಬಂದು ಕೂಡುತ್ತಾರೆ. ಅಲ್ಲಿ ದಣಿವು, ಇಲ್ಲಿ ಅವಸರ. ‘ಕಾರ್ಮಿಕರ ಗೋಳು’ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ವ್ಯತ್ಯಾಸ ಗಮನಿಸಿರುವುದಿಲ್ಲ.

ನೆಲದ್ದು ಹಿಮವಲ್ಲ. ಮೊದಲ ಚಿತ್ರಗಳು ತೀರಾ ಕಪ್ಪಾದವು ಎಂದು ವಿಮರ್ಶಕ ಬರ್ನಾರ್ಡ್ ಟೇಲರ್ ಆಕ್ಷೇಪಿಸಿದ ಮೇಲೆ ಲೌರಿ ಬಿಳಿ ಬಳಿದು ಅದರ ಮೇಲೆ ಬರೆಯತೊಡಗಿದರು. ಜನರಿಗೆ ನೆರಳನ್ನೂ ಹಾಕಲಿಲ್ಲ. ಹಾಗಾಗಿ ಹೊತ್ತು ಎಷ್ಟೆಂದು ನೆರಳು ನೋಡಿ ಹೇಳಲಾಗದು. (ಮೂಲಚಿತ್ರವನ್ನು 2022ರಲ್ಲಿ ಸಾಲ್ಫರ್ಡ್‌ನ ‘ದ ಲೌರಿ’ ಸಂಸ್ಥೆ 78 ಲಕ್ಷ ಪೌಂಡಿಗೆ ಕೊಂಡಿತು. ಕಡ್ಡಿಗಳಿಗೆ ಒಳ್ಳೆಯ ಬೆಲೆಯೇ!)

ಪ್ರಶ್ನೆ: ಇದೇ ಬಗೆಯ ಗುಂಪನ್ನು ಎಣ್ಣೆಬಣ್ಣದಲ್ಲಿ ಬರೆದೆ. ದೂರದ ಜನ ಗಾಳಿಯಲ್ಲಿ ತೇಲಿದಂತೆ ಕಾಣುತ್ತಾರೆ. ಬಿಳಿಯೂ ಸುಣ್ಣ ಬಳಿದಂತಿದೆ.

ಉತ್ತರ: ತೇಲುವುದು ಅಳತೆ ತಪ್ಪಿದಾಗ. ನೋಡುವ ಕಣ್ಣು ಮೂರಾಳೆತ್ತರದಲ್ಲಿದೆ ಎಂದಿಟ್ಟುಕೊಂಡು, ಮೊದಲು ಕ್ಷಿತಿಜರೇಖೆ ಎಳೆಯಿರಿ. ನೆಲ ಸಮತಟ್ಟಾಗಿದ್ದರೆ, ಪಾದದಿಂದ ಆ ಗೆರೆಯವರೆಗಿನ ಅಂತರದ ಮೂರನೇ ಒಂದು ಭಾಗವೇ ಆ ಮನುಷ್ಯನ ಎತ್ತರ. ಪಾದ ಗೆರೆಗಿಂತ 18 ಸೆಂ.ಮೀ. ಕೆಳಗಿದ್ದರೆ ಆಳು 6 ಸೆಂ.ಮೀ., 6 ಸೆಂ.ಮೀ. ಕೆಳಗಿದ್ದರೆ 2. ತಲೆಗಳನ್ನೆಲ್ಲ ಒಂದೇ ಗೆರೆಗೆ ತಂದರೆ ನೀವೂ ರಸ್ತೆಯಲ್ಲೇ ನಿಂತಂತಾಗುತ್ತದೆ, ಗುಂಪು ಗೋಡೆಯಾಗುತ್ತದೆ. ನಡುವಿನ ಅಂತರವನ್ನೂ ಸಮ ಮಾಡಬೇಡಿ, ಮೆರವಣಿಗೆಯಾಗಿಬಿಡುತ್ತದೆ.

ಲೌರಿ ಬಳಸಿದ್ದು ಐದೇ ಬಣ್ಣ: ಐವರಿ ಬ್ಲ್ಯಾಕ್ (ಕಪ್ಪು), ವರ್ಮಿಲಿಯನ್ (ಕೆಂಪು), ಪ್ರಷ್ಯನ್ ಬ್ಲೂ (ಕಡುನೀಲಿ), ಯೆಲ್ಲೋ ಓಕರ್ (ಮಣ್ಣುಹಳದಿ), ಫ್ಲೇಕ್ ವೈಟ್ (ಬಿಳಿ). ಕೊನೆಯದು ಸೀಸದ ಬಣ್ಣ, ವಿಷ. ಬದಲಿಗೆ ಟೈಟೇನಿಯಂ ವೈಟ್ ಸಾಕು, ಆದರೆ ಅದು ತೀರಾ ಬೆಳ್ಳಗೆ. ಓಕರನ್ನು ಚಿಟಿಕೆಯಷ್ಟು ಬೆರೆಸಿದರೆ ಕೆನೆಬಣ್ಣಕ್ಕೆ ತಿರುಗುತ್ತದೆ. ಪ್ರಷ್ಯನ್ ಬ್ಲೂ ಕುಂಚದ ತುದಿಯಲ್ಲಿ ಮಾತ್ರ ತೆಗೆದುಕೊಳ್ಳಿ, ಹೆಚ್ಚಾದರೆ ಎಲ್ಲವನ್ನೂ ನುಂಗುತ್ತದೆ. ಅಚ್ಚ ಕಪ್ಪು ಎದುರಿನವರ ಬೂಟು, ಟೋಪಿಗಷ್ಟೇ ಇರಲಿ. ಹಿಂದೆ ಹೋದಂತೆ ಬಿಳಿ ಸೇರಿಸುತ್ತ ಹೋದರೆ ಗಿರಣಿಯ ಹೊಗೆ ತಾನಾಗಿ ಬರುತ್ತದೆ.