ಓದುಗರ ಪ್ರಶ್ನೆ: ಬಡಿತ ತಪ್ಪಿದ ಹೃದಯಕ್ಕೆ ಯಾವ ಕೋಡ್?

ಪ್ರಶ್ನೆ: ಮೇಡಂ, ಬಿ.ಫಾರ್ಮ ಮುಗಿಸಿ ಮೆಡಿಕಲ್ ಕೋಡಿಂಗ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಅಮೆರಿಕದ ಆಸ್ಪತ್ರೆಗಳ ಚಾರ್ಟ್ ನೋಡುತ್ತೇನೆ. ಹೋದ ವಾರದ ಒಂದು ಚಾರ್ಟ್‌ನಲ್ಲಿ ಡಾಕ್ಟರ್ ಬರೀ 'ಏಟ್ರಿಯಲ್ ಫಿಬ್ರಿಲೇಶನ್' (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವುದು) ಅಂತ ಬರೆದಿದ್ದರು. ಮೂರು ತಿಂಗಳಲ್ಲಿ ತೆಗೆದ ಮೂರು ಇಸಿಜಿಯಲ್ಲೂ ಅದೇ ಇತ್ತು. ಹಾಗಾಗಿ ಪರ್ಸಿಸ್ಟೆಂಟ್ (ಬಿಡದೆ ಮುಂದುವರಿಯುವ ಬಗೆ) ಎಂದುಕೊಂಡು ಅದರ ಕೋಡ್ ಐ48.19 ಹಾಕಿದೆ. ಆಡಿಟ್‌ನಲ್ಲಿ ತಪ್ಪು ಅಂದರು, ಐ48.91, ಅಂದರೆ 'ಬಗೆ ಹೇಳಿಲ್ಲ' ಎಂಬ ಕೋಡ್ ಹಾಕಬೇಕಿತ್ತಂತೆ. ಕಣ್ಣೆದುರು ಇರುವುದನ್ನೇ ಹಾಕಿದರೆ ತಪ್ಪು ಹೇಗೆ? – ಹೆಸರು ಬೇಡ, ಬೆಂಗಳೂರು

ಉತ್ತರ: ಮೂರು ಇಸಿಜಿಯನ್ನೂ ಹುಡುಕಿ ನೋಡಿದ್ದೀರಲ್ಲ, ಆ ಅಭ್ಯಾಸ ಬಿಡಬೇಡಿ. ಆದರೆ ಆಡಿಟರ್ ಹೇಳಿದ್ದು ಸರಿ. ಕಾಯಿಲೆಗೆ ಹೆಸರಿಡುವುದು ಡಾಕ್ಟರ್ ಕೆಲಸ. ಅವರು ಇಟ್ಟ ಹೆಸರಿಗೆ ನಂಬರ್ ಹುಡುಕುವುದು ನಮ್ಮ ಕೆಲಸ.

ಇದು ಬರೀ ರೂಲ್ಸ್ ಮಾತಲ್ಲ. ಆ ರೋಗಿಯನ್ನೇ ನೆನೆಸಿಕೊಳ್ಳಿ. ಬಡಿತ ತಪ್ಪಿ, ಏಳು ದಿನದೊಳಗೆ ಸರಿಹೋದರೆ ಅದು ಪ್ಯಾರಾಕ್ಸಿಸ್ಮಲ್, ಐ48.0. ಏಳು ದಿನ ದಾಟಿದರೆ ಪರ್ಸಿಸ್ಟೆಂಟ್. ವರ್ಷ ದಾಟಿಯೂ ಹಾಗೇ ಇದ್ದರೆ ಲಾಂಗ್‌ಸ್ಟ್ಯಾಂಡಿಂಗ್ ಪರ್ಸಿಸ್ಟೆಂಟ್, ಐ48.11. ನೀವು ನೋಡಿದ್ದು ಮೂರು ಇಸಿಜಿ, ಅಂದರೆ ಮೂರು ದಿನದ ಕೆಲವೇ ಸೆಕೆಂಡು. ನಡುವಿನ ವಾರಗಳಲ್ಲಿ ಬಡಿತ ಸರಿ ಇತ್ತೋ ಇಲ್ಲವೋ ಯಾರಿಗೆ ಗೊತ್ತು? ಬಂದು ಹೋಗಿ ಮಾಡುವ ಕಾಯಿಲೆಯೂ ಮೂರು ಸಲವೂ ಸರಿಯಾಗಿ ಸಿಕ್ಕಿಬಿದ್ದಿರಬಹುದು, ಅಲ್ವಾ?

ಪರ್ಮನೆಂಟ್ ವಿಷಯ ಇನ್ನೂ ಸೂಕ್ಷ್ಮ. ಅದಕ್ಕೆ ಐ48.21. ಇಷ್ಟು ದಿನ ಆಯಿತು ಅಂತ ಲೆಕ್ಕ ಹಾಕಿ ಪರ್ಮನೆಂಟ್ ಅನ್ನುವುದಿಲ್ಲ. ಡಾಕ್ಟರ್ ಮತ್ತು ರೋಗಿ ಕೂತು ಮಾತಾಡಿ, 'ಇನ್ನು ಬಡಿತವನ್ನು ಮೊದಲಿನ ಲಯಕ್ಕೆ ತರುವ ಪ್ರಯತ್ನ ಸಾಕು, ವೇಗ ಹಿಡಿತದಲ್ಲಿಟ್ಟುಕೊಂಡು ಹೋಗೋಣ' ಅಂತ ತೀರ್ಮಾನಿಸಿದಾಗ ಅದು ಪರ್ಮನೆಂಟ್ ಆಗುತ್ತದೆ. ಆ ತೀರ್ಮಾನ ಯಾವ ಇಸಿಜಿಯಲ್ಲೂ ಕಾಣುವುದಿಲ್ಲ. ಪಿ ಅಲೆ (ಮೇಲಿನ ಕೋಣೆಗಳ ಬಡಿತ ತೋರಿಸುವ ಸಣ್ಣ ಉಬ್ಬು) ಇಲ್ಲದ, ಅಂತರ ತಪ್ಪಿದ ಗೆರೆ ಎಲ್ಲದರಲ್ಲೂ ಒಂದೇ ಥರ. ಅಮೆರಿಕದಲ್ಲಿ 2019ರ ಅಕ್ಟೋಬರ್ 1ರಿಂದ ಈ ಕೋಡ್‌ಗಳನ್ನು ಒಡೆದು ಬೇರೆ ಮಾಡಿದ್ದಾರೆ. ಅದಕ್ಕೇ ಈಗ ಡಾಕ್ಟರ್ ಬರೆಯುವ ಒಂದೊಂದು ಪದಕ್ಕೂ ಇಷ್ಟು ತೂಕ.

ಹಾಗಾದರೆ ಸುಮ್ನೆ ಐ48.91 ಹಾಕಿ ಮುಂದೆ ಹೋಗಬೇಕಾ? ಬೇಡ. ಕ್ವೆರಿ ಹಾಕಿ, ಅಂದರೆ ಡಾಕ್ಟರ್‌ಗೇ ಬರೆದು ಕೇಳಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಇಂಥದ್ದೇ ಒಂದು ಚಾರ್ಟ್‌ಗೆ 'ದಯವಿಟ್ಟು ಪರ್ಸಿಸ್ಟೆಂಟ್ ಅಂತ ಬರೆದುಕೊಡಿ' ಎಂದು ಡಾಕ್ಟರ್‌ಗೆ ಕೇಳಿದ್ದೆ. ನಮ್ಮ ಸೀನಿಯರ್ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಆ ಸಾಲನ್ನು ಅಳಿಸಿಸಿದರು. ಮೂರು ಇಸಿಜಿಯ ತಾರೀಖು, ರೋಗಿ ತಗೊಳ್ಳುತ್ತಿದ್ದ ಮಾತ್ರೆ, ಕಾರ್ಡಿಯೋವರ್ಶನ್ (ಬಡಿತವನ್ನು ಮತ್ತೆ ಲಯಕ್ಕೆ ತರುವ ಚಿಕಿತ್ಸೆ) ಮಾಡಿದ್ದ ದಿನ, ಇಷ್ಟನ್ನು ಮಾತ್ರ ಬರೆಸಿದರು. ಕೆಳಗೆ 'ಇದು ಯಾವ ಬಗೆ ಎಂದು ತಿಳಿಸಿ' ಎಂಬ ಒಂದು ಸಾಲು. ಅದರ ಕೆಳಗೆ ಎಲ್ಲ ಬಗೆಗಳ ಹೆಸರು, ಜೊತೆಗೆ 'ಬೇರೆ' ಮತ್ತು 'ಹೇಳಲಾಗದು'. ಇವತ್ತಿಗೂ ನಾನು ಕ್ವೆರಿ ಬರೆಯುವುದು ಹಾಗೇ. ಅಡ್ಮಿಟ್ ಆದ ರೋಗಿಯ ಲೆಕ್ಕದಲ್ಲಿ ಪರ್ಸಿಸ್ಟೆಂಟ್, ಪರ್ಮನೆಂಟ್ ಎರಡೂ ಸಿಸಿ ಪಟ್ಟಿಯಲ್ಲಿವೆ, ಅಂದರೆ ಮುಖ್ಯ ಕಾಯಿಲೆಯ ಜೊತೆಗಿದ್ದು ಚಿಕಿತ್ಸೆಯ ಖರ್ಚು ಹೆಚ್ಚಿಸುವ ಕಾಯಿಲೆಗಳ ಪಟ್ಟಿಯಲ್ಲಿ. ಐ48.91 ಇಲ್ಲ. ಆ ಒಂದು ಪದದಿಂದ ಆಸ್ಪತ್ರೆಗೆ ಬರುವ ದುಡ್ಡು ಬದಲಾಗಬಹುದು. ಹಾಗಿರುವಾಗ ಉತ್ತರವನ್ನು ನಾವೇ ಡಾಕ್ಟರ್ ಬಾಯಿಗೆ ಹಾಕಬಾರದು.

ಇನ್ನೊಂದು ಮಾತು. 'ಹಿಸ್ಟರಿ ಆಫ್ ಏಫಿಬ್' (ಏಫಿಬ್ ಅಂದರೆ ಏಟ್ರಿಯಲ್ ಫಿಬ್ರಿಲೇಶನ್) ಅಂತ ಕಂಡ ಕೂಡಲೇ ಜ಼ೆಡ್86.79 ಹಾಕಬೇಡಿ. ಆ ಕೋಡ್ ಹಾಕಿದರೆ ಕಾಯಿಲೆ ವಾಸಿಯಾಗಿ ಹೋಗಿದೆ ಎಂದರ್ಥ. ಎಷ್ಟೋ ಡಾಕ್ಟರ್‌ಗಳು 'ಮೊದಲಿಂದ ಇದೆ' ಅನ್ನುವುದಕ್ಕೂ ಹಿಸ್ಟರಿ ಅಂತಲೇ ಬರೆಯುತ್ತಾರೆ. ರೋಗಿ ಇನ್ನೂ ಆ ಕಾಯಿಲೆಗೇ ಎಪಿಕ್ಸಬಾನ್, ಮೆಟೊಪ್ರೊಲಾಲ್ ನುಂಗುತ್ತಿದ್ದರೆ ನಿಂತು ಕೇಳಿ.

ಪ್ರಶ್ನೆ: ಹೊರರೋಗಿ ಚಾರ್ಟ್‌ನಲ್ಲಿ 'ಏಫಿಬ್ ಇರಬಹುದು' ಅಂತಿದ್ದರೆ? – ಮೈಸೂರು

ಉತ್ತರ: 'ಇರಬಹುದು' ಅಂದದ್ದನ್ನು 'ಇದೆ' ಅಂತ ಕೋಡ್ ಮಾಡುವ ಹಾಗಿಲ್ಲ. ಎದೆ ಡವಗುಟ್ಟುತ್ತದೆ ಅಂತ ಬಂದಿದ್ದರೆ ಆರ್00.2.

ಪ್ರಶ್ನೆ: ಅಕ್ಕಾ, ನಮ್ಮ ತಂದೆಯ ಡಿಸ್ಚಾರ್ಜ್ ಸಮರಿಯಲ್ಲಿ 'ಎರಿದ್ಮಿಯಾ' ಅಂತಷ್ಟೇ ಇದೆ. ಬೇರೆ ಊರಿನ ಡಾಕ್ಟರ್ 'ಯಾವ ಎರಿದ್ಮಿಯಾ?' ಅಂದರು. ನಾವೇನು ಹೇಳೋದು? ಇನ್ಶೂರೆನ್ಸ್‌ಗೆ ತೊಂದರೆಯಾಗುತ್ತಾ? – ಹಾಸನ

ಉತ್ತರ: ತಂಗೀ, ಎರಿದ್ಮಿಯಾ ಅಂದರೆ 'ಬಡಿತ ತಪ್ಪಿದೆ' ಅಂತ ಅಷ್ಟೇ. ಜ್ವರ ಅಂದ ಹಾಗೆ. ಯಾವ ಜ್ವರ ಅಂತ ಗೊತ್ತಾಗಬೇಕಲ್ಲ? ಏಟ್ರಿಯಲ್ ಫಿಬ್ರಿಲೇಶನ್ ಆಗಿದ್ದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬರುವ ಭಯ ಇರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಬೇಕೋ ಬೇಡವೋ ಅಂತ ಮುಂದಿನ ಡಾಕ್ಟರ್ ನೋಡಬೇಕು. ಆ ಒಂದು ಪದ ಇಲ್ಲದಿದ್ದರೆ ಅವರು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಹೋಗಿ, ಬರವಣಿಗೆಯಲ್ಲಿ ಅರ್ಜಿ ಕೊಡಿ. ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮವೇ ಹೇಳುತ್ತದೆ. ಇಸಿಜಿ ಪ್ರತಿಯನ್ನೂ ಕೇಳಿ. ಚಿಕಿತ್ಸೆ ಮಾಡಿದ ಡಾಕ್ಟರ್ ಹತ್ತಿರ ಯಾವ ಬಗೆಯ ಎರಿದ್ಮಿಯಾ ಅಂತ ಬರೆಸಿಕೊಳ್ಳಿ.

ಇನ್ಶೂರೆನ್ಸ್ ಕ್ಲೇಮ್ ಫಾರ್ಮ್‌ನಲ್ಲಿ ಆಸ್ಪತ್ರೆಯವರು ತುಂಬುವ ಭಾಗದಲ್ಲಿ ಐಸಿಡಿ-10 ಕೋಡ್‌ಗೆ, ಅಂದರೆ ಕಾಯಿಲೆಯ ನಂಬರ್‌ಗೆ ಜಾಗ ಇರುತ್ತದೆ. ಅದಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು 'ಎಷ್ಟು ದಿನದಿಂದ' ಅನ್ನುವ ಸಾಲಿಗೆ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ (ಅಷ್ಟು ದಿನ ಆ ಕಾಯಿಲೆಗೆ ಕ್ಲೇಮ್ ಸಿಗುವುದಿಲ್ಲ) 2024ರಿಂದ ಹೆಚ್ಚೆಂದರೆ 36 ತಿಂಗಳು. ಗಡಿಬಿಡಿಯಲ್ಲಿ ಯಾರೋ 'ಹಳೆಯ ಕಾಯಿಲೆ' ಅಂತ ಬರೆದಿದ್ದರೆ, ಅದು ನಿಜ ಅಲ್ಲದಿದ್ದರೆ, ತಿದ್ದಿಸಿ. ನಿಜವಾಗಿದ್ದರೆ ಹಾಗೇ ಇರಲಿ. ಸುಳ್ಳು ಬರೆಸಿದರೆ ನಾಳೆ ಅದನ್ನೇ ನಂಬಿ ಇನ್ನೊಬ್ಬ ಡಾಕ್ಟರ್ ಮಾತ್ರೆ ಬರೆಯುತ್ತಾರೆ.

ಮನೆಯಲ್ಲಿರುವ ಇಸಿಜಿ ಕಾಗದವನ್ನು ಇವತ್ತೇ ಜೆರಾಕ್ಸ್ ಮಾಡಿಸಿ. ನಮ್ಮ ಅಮ್ಮನದನ್ನು ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು ಜೋಪಾನ ಮಾಡಿದ್ದೆವು. ನಾಲ್ಕು ವರ್ಷದ ನಂತರ ತೆಗೆದು ನೋಡಿದರೆ ಗುಲಾಬಿ ಚೌಕಗಳು ಹಾಗೇ ಇದ್ದವು. ಬಡಿತದ ಗೆರೆ ಮಾತ್ರ ಪೂರ್ತಿ ಮಾಸಿಹೋಗಿತ್ತು.