ಯುದ್ಧದ ಬಗ್ಗೆ ಮಕ್ಕಳ ಜೊತೆ ಮಾತಾಡಲು ಯಾವ ಅನಿಮೇಶನ್ ಚಿತ್ರ ಅಂತ ಕೇಳಿದ ಅಕ್ಕೋರಿಗೆ

ನಮಸ್ಕಾರ ಅಕ್ಕೋರೇ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ನಾಲ್ಕು ಸಾಲಲ್ಲಿ ಮುಗಿಯುವ ವಿಷಯ ಅಲ್ಲ ಅನ್ನಿಸಿತು, ಅದಕ್ಕೆ ಈಗ ಕೂತು ಬರೆಯುತ್ತಿದ್ದೇನೆ. ಹಾವೇರಿ ಕಡೆಯ ನಿಮ್ಮ ಶಾಲೆಯ ಆರನೇ, ಏಳನೇ ಮಕ್ಕಳು ಟಿವಿ ನೋಡಿ ಬಂದು ಆಟದ ಬಯಲಲ್ಲೂ ಬರೀ ಬಾಂಬು, ಮಿಸೈಲು ಅಂತಾರೆ, ಅನಿಮೇಶನ್ ಕಿರುಚಿತ್ರ ತೋರಿಸಿ ಯುದ್ಧ, ಜಗಳ, ಶಾಂತಿ ಬಗ್ಗೆ ಮಾತಾಡಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಗದಗ ತಾಲೂಕಿನ ಹಳ್ಳಿಗಳ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಮೂರು ವರ್ಷದಿಂದ ಶನಿವಾರ ಸಂಜೆ ಪ್ರೊಜೆಕ್ಟರ್ ಹಾಕಿ ಇದನ್ನೇ ಮಾಡುತ್ತಿದ್ದೇನೆ.

ಮೇಲೆ ಒಬ್ಬರು ದೊಡ್ಡ ಸಿನಿಮಾನೇ ತೋರಿಸಿ, ಮಕ್ಕಳು ಒಮ್ಮೆ ಅತ್ತರೆ ಮತ್ತೆ ಬಾಂಬಿನ ಮಾತು ಎತ್ತುವುದಿಲ್ಲ ಅಂತ ಬರೆದಿದ್ದಾರೆ. ಅಣ್ಣಾರೇ, ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನೂ ಹಾಗೇ ಅಂದುಕೊಂಡು ಮೊದಲ ವರ್ಷ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಹಾಕಿದ್ದೆ. 1988ರ ಜಪಾನಿನ ಚಿತ್ರ, ಸುಮಾರು ಒಂದೂವರೆ ತಾಸು, ಬಾಂಬ್ ದಾಳಿಯಲ್ಲಿ ತಾಯಿ ಸತ್ತ ಮೇಲೆ ಅಣ್ಣ ತಂಗಿ ಇಬ್ಬರೇ ಉಳಿಯುವ ಕಥೆ. ದೊಡ್ಡವರಿಗೆ ಅದು ಬಹಳ ದೊಡ್ಡ ಚಿತ್ರ. ಆದರೆ ಅವತ್ತು ಐದನೇ ತರಗತಿಯ ಒಬ್ಬ ಹುಡುಗಿ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳ ಅಪ್ಪ ಸೈನ್ಯದಲ್ಲಿದ್ದಾರೆ ಅಂತ ನನಗೆ ಆಮೇಲೆ ಗೊತ್ತಾಯಿತು. ಮರುದಿನ ಅವಳ ಅವ್ವ ಬಂದು, ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಅಪ್ಪಗ ಫೋನ್ ಹಚ್ಚು ಅಂತ ಕೂತಿದ್ದಳು ಅಂದರು. ಯಾರ ಮನೆಯವರು ಎಲ್ಲಿದ್ದಾರೆ ಅಂತ ಮೊದಲೇ ಕೇಳಿಕೊಳ್ಳಬೇಕಿತ್ತು, ಕೇಳಿರಲಿಲ್ಲ. ಅವತ್ತಿನಿಂದ ಅಷ್ಟು ವಿಚಾರಿಸದೆ ನಾನು ಪ್ಲಗ್ ಹಾಕುವುದಿಲ್ಲ. ನೀವೂ ವಿಚಾರಿಸಿಕೊಳ್ಳಿ. ಅಂಥ ಮಗು ಇದ್ದರೆ ಅದನ್ನು ಎಬ್ಬಿಸಿ ನಿಲ್ಲಿಸಿ 'ನೀನು ಹೇಳಮ್ಮ' ಅಂತ ಕೇಳಲೇಬೇಡಿ. ಅದಾಗೇ ಹೇಳಿದರೆ ಹೇಳಲಿ.

ಮಕ್ಕಳಿಗೆ ಅಳು ಬರಿಸಿದರೆ ಮಾತು ನಿಲ್ಲುತ್ತದೆ ಅನ್ನುವುದು ನಿಜ, ಆದರೆ ನಮಗೆ ಬೇಕಾಗಿರುವುದು ಮಾತು ಶುರುವಾಗುವುದು, ಅಲ್ವಾ? ಅದಕ್ಕೇ ಸಣ್ಣ ಚಿತ್ರ ಬೇಕು, ಹತ್ತು ನಿಮಿಷದ ಒಳಗಿನದು, ಆದಷ್ಟೂ ಮಾತಿಲ್ಲದ್ದು. ಅನಿಮೇಶನ್ನೇ ಯಾಕೆ ಅಂದರೆ, ಟಿವಿಯ ಯುದ್ಧದ ದೃಶ್ಯ ತೋರಿಸಿದ ಕೂಡಲೇ ಮಕ್ಕಳು ಇವರು ನಮ್ಮವರು, ಅವರು ಅವರವರು ಅಂತ ಪಕ್ಷ ಕಟ್ಟುತ್ತಾರೆ, ಆಮೇಲೆ ನೋಡುವುದೇ ಇಲ್ಲ, ಬರೀ ಕೂಗುತ್ತಾರೆ. ಒಂದು ಚೌಕಕ್ಕೂ ಒಂದು ಚೆಂಡಿಗೂ ಜಗಳ ಆದರೆ ಯಾರ ಪಕ್ಷ ಹಿಡಿಯೋದು? ಆಗ ಜಗಳವನ್ನೇ ನೋಡಬೇಕಾಗುತ್ತದೆ.

ಈ ಚೌಕ, ಚೆಂಡಿನದು ಸುಮ್ನೆ ಹೇಳಿದ್ದಲ್ಲ, ಅಂಥದ್ದೇ ಒಂದು ಚಿತ್ರ ಇದೆ, 'ಬಾಲಾಬ್ಲಾಕ್' ಅಂತ. ಬ್ರೆಟಿಸ್ಲಾವ್ ಪೋಯರ್ 1970ರ ದಶಕದ ಮೊದಲಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗೆ ಮಾಡಿದ್ದು. ಚೌಕಗಳೆಲ್ಲ ಆರಾಮಾಗಿ ಇರುವಲ್ಲಿಗೆ ಒಂದು ಚೆಂಡು ಬರುತ್ತದೆ, ನಗುತ್ತಾರೆ, ಬೈಯುತ್ತಾರೆ, ಹೊಡೆದಾಟ ಆಗುತ್ತದೆ. ಹೊಡೆದೂ ಹೊಡೆದೂ ಎಲ್ಲರ ಅಂಚೂ ಒಡೆದು ಕೊನೆಗೆ ಎಲ್ಲ ಒಂದೇ ಆಕಾರಕ್ಕೆ ಬರುತ್ತಾರೆ. ಸಣ್ಣ ಮಕ್ಕಳಿಗೆ ಇದರಿಂದಲೇ ಶುರು ಮಾಡಿ. ಕೊನೆಯಲ್ಲಿ ಒಂದು ತ್ರಿಕೋನ ಬರುತ್ತದಲ್ಲ, ಅಲ್ಲಿಗೆ ನಿಲ್ಲಿಸಿ 'ಈಗ ಏನಾಗಬಹುದು?' ಅಂತ ಕೇಳಿ. ಅದೊಂದೇ ಪ್ರಶ್ನೆಗೆ ಅರ್ಧ ತಾಸು ಹೋಗುತ್ತದೆ.

ಆದರೆ ಆರು, ಏಳನೆಯವರಿಗೆ ನನ್ನ ಪ್ರಕಾರ 'ನೇಬರ್ಸ್' ಬಿಟ್ಟರೆ ಇನ್ನೊಂದಿಲ್ಲ. 1952ರದು, ನಾರ್ಮನ್ ಮೆಕ್ಲಾರೆನ್ ಮಾಡಿದ್ದು, ಅದೇ ಕೆನಡಾದ ಮಂಡಳಿಯದು, ಎಂಟು ನಿಮಿಷ, ಮಾತಿಲ್ಲ. ಕೊರಿಯಾದಲ್ಲಿ ಯುದ್ಧ ನಡೆಯುತ್ತಿದ್ದ ಕಾಲ, ಮೆಕ್ಲಾರೆನ್ ಅದಕ್ಕೆ ಸ್ವಲ್ಪ ಮೊದಲು ಚೀನಾದಲ್ಲಿ ಯುನೆಸ್ಕೋ ಕೆಲಸ ಮಾಡಿ ಬಂದಿದ್ದರು. ಇದರಲ್ಲಿ ಗೊಂಬೆ ಇಲ್ಲ, ನಿಜವಾದ ಮನುಷ್ಯರನ್ನೇ ಗೊಂಬೆಯ ಹಾಗೆ ಒಂದೊಂದೇ ಫೋಟೋ ತೆಗೆದು ಜೋಡಿಸಿದ್ದಾರೆ, ಈ ಪದ್ಧತಿಗೆ ಪಿಕ್ಸಿಲೇಶನ್ ಅಂತಾರೆ. ಅಕ್ಕಪಕ್ಕದ ಮನೆಯ ಇಬ್ಬರು ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾ ಕೂತಿರುತ್ತಾರೆ, ಇಬ್ಬರ ನಡುವೆ ಒಂದು ಹೂವು ಅರಳುತ್ತದೆ, ಇಬ್ಬರಿಗೂ ಖುಷಿಯೋ ಖುಷಿ, ಆಮೇಲೆ ಅದು ಯಾರ ಜಾಗದಲ್ಲಿದೆ ಅನ್ನುವ ಮಾತು ಬರುತ್ತದೆ, ಬೇಲಿ ಬರುತ್ತದೆ, ಹೊಡೆದಾಟದಲ್ಲಿ ಹೂವು ಕಾಲಡಿ ಸಿಕ್ಕಿ ಹೋಗುತ್ತದೆ, ಇಬ್ಬರೂ ಸಾಯುತ್ತಾರೆ. ಒಂದು ಎಚ್ಚರಿಕೆ: ಕೊನೆಯ ಭಾಗದಲ್ಲಿ ಇಬ್ಬರೂ ಪರಸ್ಪರರ ಹೆಂಡತಿ, ಕೂಸನ್ನೂ ಹೊಡೆಯುವ ದೃಶ್ಯ ಇದೆ. ಅದನ್ನು ಹಿಂದೆ ತೆಗೆದುಹಾಕಿದ್ದರು, ವಿಯೆಟ್ನಾಂ ಯುದ್ಧದ ಹೊತ್ತಿಗೆ ಮತ್ತೆ ಸೇರಿಸಿದರು. ನೀವು ಒಬ್ಬರೇ ಪೂರ್ತಿ ನೋಡಿ, ನಿಮ್ಮ ಮಕ್ಕಳಿಗೆ ಜಾಸ್ತಿ ಆಗುತ್ತದೆ ಅನ್ನಿಸಿದರೆ ಅಷ್ಟು ದಾಟಿಸಿ. ಎರಡೂ ಚಿತ್ರ ಆ ಮಂಡಳಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಈಗ ಮುಖ್ಯ ಮಾತು. ಚಿತ್ರ ಮುಗಿದ ಕೂಡಲೇ 'ಯುದ್ಧ ಒಳ್ಳೆಯದೋ ಕೆಟ್ಟದ್ದೋ' ಅಂತ ಕೇಳಬೇಡಿ. 'ಕೆಟ್ಟದ್ದು ಟೀಚರ್' ಅಂತ ಒಂದೇ ದನಿಯಲ್ಲಿ ಹೇಳಿ ಮುಗಿಸುತ್ತಾರೆ, ನಿಮಗೆ ಏನು ಬೇಕು ಅಂತ ಅವರಿಗೆ ಗೊತ್ತು. ಅದರ ಬದಲು ಇನ್ನೊಮ್ಮೆ ಮೊದಲಿನಿಂದ ಹಾಕಿ. 'ಇದನ್ನು ಎಲ್ಲಿ ನಿಲ್ಲಿಸಬಹುದಿತ್ತು? ಆ ಜಾಗ ಬಂದಾಗ ಕೈ ಎತ್ತಿ, ನಿಲ್ಲಿಸುತ್ತೇನೆ' ಅನ್ನಿ. ಒಬ್ಬ ಬೇಲಿ ಹಾಕುವಾಗ ಎತ್ತುತ್ತಾನೆ, ಒಬ್ಬಳು ಮೊದಲ ಏಟಿಗೆ, ಇನ್ನೊಬ್ಬ ಹೂವು ಅರಳಿದಾಗಲೇ. ಪ್ರತಿ ಸಲವೂ ಚಿತ್ರ ನಿಲ್ಲಿಸಿ, 'ಇಲ್ಲಿ ಏನು ಮಾಡಬೇಕಿತ್ತು?' ಅಂತ ಮಾತ್ರ ಕೇಳಿ, ನೀವು ಏನೂ ಹೇಳಬೇಡಿ. ಸುಮ್ಮನಿರುವುದು ಕಷ್ಟ, ಮೇಷ್ಟ್ರುಗಳಿಗಂತೂ ಬಹಳ ಕಷ್ಟ, ಆದರೂ ಇರಿ.

ನಮ್ಮಲ್ಲಿ ಒಬ್ಬ ಹುಡುಗ ಹೇಳಿದ್ದು ಕೇಳಿ. ಬೇಲಿಯ ಜಾಗಕ್ಕೆ ಕೈ ಎತ್ತಿ, 'ಹದ್ದುಬಸ್ತು ಮಾಡಿಸಿದ್ರ ಆಗ್ತಿತ್ತಲ್ರಿ ಸರ್' ಅಂದ. ಇವನ ಅಪ್ಪನಿಗೂ ದೊಡ್ಡಪ್ಪನಿಗೂ ಎರಡು ಅಡಿ ಬದುವಿಗಾಗಿ ನಾಲ್ಕು ವರ್ಷ ಮಾತಿರಲಿಲ್ಲವಂತೆ, ಸರ್ವೆಯವರು ಬಂದು ಸರಪಳಿ ಹಿಡಿದು ಕಲ್ಲು ನೆಟ್ಟ ಮೇಲೆ ಕಳೆದ ಕಾರಹುಣ್ಣಿಮೆಗೆ ಎರಡೂ ಮನೆಯವರು ಎತ್ತು ಜೊತೆಗೆ ಓಡಿಸಿದರಂತೆ. ನನಗೆ ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಶಾಂತಿ ಅಂದರೆ ಒಳ್ಳೆಯವರಾಗಿರಿ ಅನ್ನುವುದಷ್ಟೇ ಅಂತ ನಾನು ತಿಳಿದಿದ್ದೆ. ಆ ಹುಡುಗನಿಗೆ ಅದು ಅಳತೆ ಪಟ್ಟಿ, ನಂಬಿಕೆಯ ಮೂರನೇ ಮನುಷ್ಯ, ಇಬ್ಬರೂ ಒಪ್ಪುವ ಕಲ್ಲು. ದೇಶ ದೇಶಗಳ ಒಪ್ಪಂದ ಅಂದರೇನು ಅಂತ ವಿವರಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಅವತ್ತೇ ಇನ್ನೊಬ್ಬಳು ದೊಡ್ಡಾಟದಲ್ಲಿ ನೋಡಿದ್ದನ್ನು ನೆನೆಸಿದಳು: ಕೃಷ್ಣ ಸಂಧಿಗೆ ಹೋಗಿ ಐದು ಊರು ಕೇಳಿದರೂ ದುರ್ಯೋಧನ ಸೂಜಿಮೊನೆಯಷ್ಟು ಜಾಗ ಕೊಡಲ್ಲ ಅಂದದ್ದು. ಕುಮಾರವ್ಯಾಸ ಕೂತು ಬರೆದ ವೀರನಾರಾಯಣ ಗುಡಿ ನಮಗೆ ಅಷ್ಟು ಹತ್ತಿರ, ಆ ಕಥೆ ನಾನು ಹೇಳಿಕೊಡಬೇಕಾಗಲಿಲ್ಲ.

'ನೇಬರ್ಸ್' ಕೊನೆಯಲ್ಲಿ ನೆರೆಯವರನ್ನು ಪ್ರೀತಿಸಿ ಅಂತ ಬೇರೆ ಬೇರೆ ಭಾಷೆಗಳಲ್ಲಿ ಅಕ್ಷರ ಬರುತ್ತದೆ. ಅದಕ್ಕೆ ಮುಂಚೆಯೇ ನಿಲ್ಲಿಸಿ, ಆ ಜಾಗದಲ್ಲಿ ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ ಅಂತ ಒಂದೊಂದು ಚೀಟಿ ಕೊಡಿ. ಹೆಸರು ಬರೆಸಬೇಡಿ.

'ಸರ್, ಹಂಗಾರ ಸೈನಿಕರು ಬ್ಯಾಡೇನ್ರಿ?' ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ತಯಾರಿರಿ. ನಮ್ಮ ಜಿಲ್ಲೆಗಳಲ್ಲಿ ಸೈನಿಕರ ಮನೆಗಳಿವೆ, ಅವರನ್ನು ಸಣ್ಣದು ಮಾಡುವಂತೆ ಒಂದು ಮಾತೂ ಬರಬಾರದು. ನಾನು ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ವಿಷಯ ಹೇಳುತ್ತೇನೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,000 ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು, ಆರು ದಿನ ಆದಮೇಲೆ ಅವರು ಜೀವಂತ ಸಿಕ್ಕರು, 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಗುಂಡಲ್ಲ, ಹಿಮ. ಇದನ್ನು ಹೇಳಿದಾಗ ಮಕ್ಕಳು ಬಹಳ ಹೊತ್ತು ಸುಮ್ಮನಿದ್ದರು, ಆಮೇಲೆ ಒಬ್ಬ 'ಅಷ್ಟು ಚಳಿಯಾಗ ಎರಡೂ ಕಡೆಯವ್ರು ಯಾಕ ನಿಲ್ಲಬೇಕ್ರಿ?' ಅಂತ ಕೇಳಿದ. ಉತ್ತರ ನಾನು ಕೊಡಲಿಲ್ಲ, ಭೂಪಟ ತೆರೆದು ಇಟ್ಟೆ.

ಎಂಟನೆಯವರಿದ್ದರೆ 'ಬರ್ತ್‌ಡೇ ಬಾಯ್' ಕೂಡ ತೋರಿಸಬಹುದು, 2004ರದು, ಸೆಜಾಂಗ್ ಪಾರ್ಕ್ ಮಾಡಿದ್ದು. 1951ರ ಕೊರಿಯಾ, ಒಬ್ಬ ಸಣ್ಣ ಹುಡುಗ ಒಬ್ಬನೇ ಯುದ್ಧದ ಆಟ ಆಡುತ್ತಾನೆ, ಮನೆಗೆ ಬಂದ ಪಾರ್ಸಲ್ ಹುಟ್ಟುಹಬ್ಬದ ಉಡುಗೊರೆ ಅಂದುಕೊಂಡು ಬಿಚ್ಚುತ್ತಾನೆ. ಅದು ಅಪ್ಪನ ಸಾಮಾನು. ಅವನಿಗೆ ಅರ್ಥ ಆಗುವುದಿಲ್ಲ, ನೋಡುವವರಿಗೆ ಆಗುತ್ತದೆ. ಸೈನಿಕರ ಮಕ್ಕಳಿರುವ ತರಗತಿಯಲ್ಲಿ ಇದು ಬೇಡ. ಇನ್ನು 1974ರ ಹಿಂದಿ ಅನಿಮೇಶನ್ ಕಿರುಚಿತ್ರ 'ಏಕ್ ಅನೇಕ್ ಔರ್ ಏಕತಾ' ತೋರಿಸಿ ಅಂತ ಇಬ್ಬರು ಬರೆದಿದ್ದಾರೆ, ನನಗೂ ಬಹಳ ಇಷ್ಟ. ಆದರೆ ಅದರಲ್ಲಿ ಹಕ್ಕಿಗಳೆಲ್ಲ ಒಟ್ಟಾಗಿ ಬಲೆ ಎತ್ತಿಕೊಂಡು ಹಾರುತ್ತವೆ, ಅದು ನಮ್ಮ ನಮ್ಮಲ್ಲಿನ ಒಗ್ಗಟ್ಟು. ಎದುರಿನವನ ಜೊತೆ ಹೇಗೆ ಮಾತಾಡೋದು ಅನ್ನುವುದು ಬೇರೆ, ಅದಕ್ಕೆ ಆ ಚಿತ್ರ ಸಾಲುವುದಿಲ್ಲ.

ಎರಡನೇ ವಾರ ಮಕ್ಕಳಿಂದಲೇ ಮಾಡಿಸಿ. ಒಂದು ಮೊಬೈಲು, 'ಸ್ಟಾಪ್ ಮೋಶನ್ ಸ್ಟುಡಿಯೋ' ಆಪ್, ಅದರ ಪುಕ್ಕಟೆ ಆವೃತ್ತಿಯೇ ಸಾಕು. ಸೆಕೆಂಡಿಗೆ 12 ಫೋಟೋ ಲೆಕ್ಕ ಹಿಡಿದರೆ 10 ಸೆಕೆಂಡಿಗೆ 120 ಫೋಟೋ, ಒಂದು ಮಧ್ಯಾಹ್ನದ ಕೆಲಸ. ಸ್ಟ್ಯಾಂಡ್ ಬೇಡ, ಮೊಬೈಲನ್ನು ಎರಡು ಇಟ್ಟಿಗೆ ನಡುವೆ ಅಲುಗಾಡದ ಹಾಗೆ ಸಿಕ್ಕಿಸಿ, ಎಕ್ಸ್‌ಪೋಶರ್ ಲಾಕ್ ಮಾಡಿ, ಅಂದರೆ ಕ್ಯಾಮೆರಾ ಬೆಳಕಿನ ಮಟ್ಟವನ್ನು ತಾನಾಗೇ ಬದಲಿಸದ ಹಾಗೆ ಮಾಡಿ, ಇಲ್ಲದಿದ್ದರೆ ಮೋಡ ಬಂದಾಗೆಲ್ಲ ಚಿತ್ರ ಮಿನುಗುತ್ತದೆ. ಪಾತ್ರಕ್ಕೆ ಮನೆಯ ಕಾಳು ತರಿಸಿ. ನಮ್ಮವರು ಬಿಳಿಜೋಳದ ಕಾಳು ಒಂದು ಕಡೆ, ಕಡಲೆ ಇನ್ನೊಂದು ಕಡೆ ನಿಲ್ಲಿಸಿ ಒಂದು ಹನಿ ನೀರಿಗೆ ಜಗಳ ಹಚ್ಚಿದರು. ಹೇಗೆ ಮುಗಿಸಬೇಕು ಅಂತ ಎರಡು ದಿನ ವಾದ ಆಯಿತು, ಆ ವಾದವೇ ನನ್ನ ಮಟ್ಟಿಗೆ ಇಡೀ ಪಾಠ. ಕಾಗಿನೆಲೆ ನಿಮ್ಮ ಜಿಲ್ಲೆಯಲ್ಲೇ ಇದೆಯಲ್ಲ, ಕನಕದಾಸರ ರಾಮಧಾನ್ಯದಲ್ಲಿ ರಾಗಿ, ಭತ್ತದ ಜಗಳವನ್ನು ರಾಮ ಹೇಗೆ ತೀರಿಸಿದ ಅಂತ ಆಮೇಲೆ ಹೇಳಿ, ಮೊದಲೇ ಹೇಳಿದರೆ ಅದನ್ನೇ ನಕಲು ಮಾಡುತ್ತಾರೆ.

ನಿಮ್ಮ ಊರಲ್ಲಿ ಗುಡಿ ಮುಂದೆ ವೀರಗಲ್ಲು ಇದ್ದರೆ ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿ. ಕೆಳಗೆ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಅವನು. ಕೆಳಗಿನಿಂದ ಮೇಲಕ್ಕೆ ಓದಿದರೆ ಅದೂ ಮೂರು ಫ್ರೇಮಿನ ಚಿತ್ರವೇ. ಎಷ್ಟೋ ಕಲ್ಲುಗಳು ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವರವು. ಆ ವೀರನ ಮನೆಯವರನ್ನು ತೋರಿಸುವ ಒಂದು ನಾಲ್ಕನೇ ಫ್ರೇಮ್ ಬಿಡಿಸಿ ಅಂತ ಮಕ್ಕಳಿಗೆ ಹಾಳೆ ಕೊಡಿ.

ಮೊದಲ ದಿನ ಒಂದೇ ಚಿತ್ರ ಸಾಕು, 40 ನಿಮಿಷ. ಕಿಟಕಿಗೆ ಕಂಬಳಿ ಕಟ್ಟಿ. ಚಿತ್ರ ಮೊದಲೇ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದರೆ ಒಳ್ಳೆಯದು, ಶಾಲೆಯ ನೆಟ್ ನಂಬಬೇಡಿ. ಪ್ರೊಜೆಕ್ಟರ್ ಇಲ್ಲ ಅಂತಿದ್ದರೆ ಹೇಳಿ, ಬರುವ ತಿಂಗಳ ಎರಡನೇ ಶನಿವಾರ ರಾಣೇಬೆನ್ನೂರಿಗೆ ಬರುವುದಿದೆ, ದಾರಿಯಲ್ಲಿ ಇಳಿದು ಹಾಕಿಕೊಟ್ಟು ಹೋಗುತ್ತೇನೆ, ಸ್ಪೀಕರ್ ಒಂದು ನೀವು ನೋಡಿಕೊಳ್ಳಿ.